ತಾರಾಬಾಯಿ ಮೋಡಕ್ ಮತ್ತು ಸರ್ಕಾರದ ಅಂಗಳ

ಅಂಗನವಾಡಿ ಎಂಬ ಪದ ನಮ್ಮ ಪತ್ರಿಕೆಗಳ ಮುಖಪುಟಕ್ಕೆ ಬರುವುದು ಮೊಟ್ಟೆ ಪೂರೈಕೆಯ ಟೆಂಡರಿನಲ್ಲಿ ವಿವಾದ ಎದ್ದಾಗ, ಇಲ್ಲವೇ ಕಾರ್ಯಕರ್ತೆಯರು ಬೆಂಗಳೂರಿಗೆ ಬಂದು ರಸ್ತೆಯಲ್ಲಿ ಧರಣಿ ಕುಳಿತಾಗ. ಉಳಿದ ದಿನಗಳಲ್ಲಿ ಅದು ಯಾರ ಗಮನಕ್ಕೂ ಬಾರದೆ ತನ್ನ ಪಾಡಿಗೆ ನಡೆದುಕೊಂಡು ಹೋಗುತ್ತಿರುತ್ತದೆ. ದೇಶದಲ್ಲಿ ಸುಮಾರು 14 ಲಕ್ಷ, ಕರ್ನಾಟಕವೊಂದರಲ್ಲೇ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಸರ್ಕಾರದ ಒಡೆತನದಲ್ಲಿ, ಸರ್ಕಾರದ ಖರ್ಚಿನಲ್ಲಿ ನಡೆಯುವ ಶಿಶುಪಾಲನಾ ವ್ಯವಸ್ಥೆಗಳಲ್ಲಿ ಇಷ್ಟು ದೊಡ್ಡದು ಜಗತ್ತಿನಲ್ಲಿ ವಿರಳ. ಇಂಥ ವ್ಯವಸ್ಥೆಯ ಹಿಂದಿರುವ ಕಲ್ಪನೆ ಯಾವುದೋ ಮಂತ್ರಾಲಯದ ಕಡತದಲ್ಲಿ ಹುಟ್ಟಿದ್ದೆಂದು ನಾವು ಭಾವಿಸುತ್ತೇವೆ. ಸೇವೆಯಲ್ಲಿದ್ದಾಗ ಅಂಗನವಾಡಿಗಳ ಬಗ್ಗೆ ಲೆಕ್ಕವಿಲ್ಲದಷ್ಟು ಟಿಪ್ಪಣಿಗಳನ್ನು ಓದಿದ್ದೇನೆ, ಕೆಲವನ್ನು ಬರೆದಿದ್ದೇನೆ. ಅವುಗಳಲ್ಲಿ ಒಂದರಲ್ಲಾದರೂ ತಾರಾಬಾಯಿ ಮೋಡಕ್ ಅವರ ಹೆಸರು ಬಂದ ನೆನಪು ನನಗಿಲ್ಲ. ಮಹಾರಾಷ್ಟ್ರ ಮತ್ತು ಗುಜರಾತಿನಲ್ಲಿ ಶಿಕ್ಷಣದ ಒಲವುಳ್ಳವರೆಲ್ಲರೂ ಬಲ್ಲ ಈ ಹೆಸರನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕಾಗಿರುವುದು ಅದಕ್ಕಾಗಿಯೇ.

ತಾರಾಬಾಯಿ ಹುಟ್ಟಿದ್ದು 1892ರ ಏಪ್ರಿಲ್‌ನಲ್ಲಿ, ಮುಂಬಯಿಯಲ್ಲಿ. ತವರಿನ ಹೆಸರು ಕೇಳ್ಕರ್. ಪ್ರಾರ್ಥನಾ ಸಮಾಜದ ಪ್ರಭಾವದಲ್ಲಿದ್ದ ಕುಟುಂಬ. ಹೆಣ್ಣುಮಕ್ಕಳ ಓದು ಆ ಮನೆಯಲ್ಲಿ ಚರ್ಚೆಯ ವಿಷಯವಾಗಿರಲಿಲ್ಲ. 1914ರಲ್ಲಿ ಅವರು ಮುಂಬಯಿ ವಿಶ್ವವಿದ್ಯಾಲಯದ ಪದವೀಧರೆಯಾದರು. ಆ ಕಾಲದಲ್ಲಿ ಪದವಿ ಪಡೆದ ಭಾರತೀಯ ಮಹಿಳೆಯರ ಸಂಖ್ಯೆ ಎಷ್ಟು ಸಣ್ಣದಾಗಿತ್ತು ಎಂಬುದನ್ನು ಓದುಗರು ಊಹಿಸಬಹುದು. ಅಮರಾವತಿಯ ವಕೀಲರೊಬ್ಬರನ್ನು ವಿವಾಹವಾದರು. ಆ ದಾಂಪತ್ಯ ಬಾಳಲಿಲ್ಲ. 1921ರಲ್ಲಿ ಅದು ವಿಚ್ಛೇದನದಲ್ಲಿ ಕೊನೆಗೊಂಡಿತು. ವಿಚ್ಛೇದಿತೆ ಎಂಬ ಪದವೇ ಮನೆಗಳಲ್ಲಿ ಪಿಸುಮಾತಾಗಿದ್ದ ದಿನಗಳಲ್ಲಿ, ಎಳೆಯ ಮಗಳ ಹೊಣೆ ಹೊತ್ತು ಅವರು ಸ್ವಂತ ದುಡಿಮೆಯ ಮೇಲೆ ನಿಂತರು. ರಾಜಕೋಟೆಯಲ್ಲಿ ಮಹಿಳೆಯರ ಕಾಲೇಜೊಂದರ ಪ್ರಾಂಶುಪಾಲೆಯ ಹುದ್ದೆ ದೊರೆಯಿತು. ಗೌರವ, ಸಂಬಳ, ಭದ್ರತೆ ಎಲ್ಲವೂ ಇದ್ದ ಸ್ಥಾನ ಅದು. ಎರಡು ವರ್ಷ ಕಳೆಯುವುದರೊಳಗೆ ಅದನ್ನು ಬಿಟ್ಟರು.

ಬಿಟ್ಟು ಹೋದದ್ದು ಭಾವನಗರಕ್ಕೆ, ಗಿಜುಭಾಯಿ ಬಧೇಕಾ ಅವರ ಬಳಿಗೆ. ಗಿಜುಭಾಯಿ ಮೂಲತಃ ವಕೀಲರು. ಮಗ ಹುಟ್ಟಿದ ಮೇಲೆ ಮಕ್ಕಳ ಶಿಕ್ಷಣದ ಕಡೆಗೆ ಅವರ ಮನಸ್ಸು ಹೊರಳಿತು. ಮಾಂಟೆಸರಿಯ ಬರಹಗಳನ್ನು ಓದಿ ವಕೀಲಿಕೆ ಬಿಟ್ಟು ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದರು. 1920ರಲ್ಲಿ ಅಲ್ಲಿ ಬಾಲಮಂದಿರವನ್ನು ಆರಂಭಿಸಿದರು. ಅವರ ದಿವಾಸ್ವಪ್ನ ಕೃತಿಯನ್ನು ನಮ್ಮ ಶಾಲಾ ಶಿಕ್ಷಕರಲ್ಲಿ ಹಲವರು ಬಲ್ಲರು. ತಾರಾಬಾಯಿ 1923ರಲ್ಲಿ ಈ ಬಾಲಮಂದಿರಕ್ಕೆ ಬಂದಾಗ ಹೊಡೆತ, ಉರುಹೊಡೆಯುವಿಕೆ, ಅಂಜಿಕೆ ಯಾವುದೂ ಇಲ್ಲದ ಶಾಲೆಯೊಂದು ಸಾಧ್ಯ ಎಂಬುದನ್ನು ಕಣ್ಣಾರೆ ಕಂಡರು. ಗಿಜುಭಾಯಿಗೆ ಕಲ್ಪನೆ, ಕಥೆ, ನಾಟಕ ಒಲಿದಿದ್ದವು. ತಾರಾಬಾಯಿಗೆ ಒಲಿದದ್ದು ವ್ಯವಸ್ಥೆ. ಯಾವ ಸುಧಾರಣೆಯೂ ಎರಡನೆಯ ಬಗೆಯ ಜನರಿಲ್ಲದೆ ಸ್ಥಾಪಕನ ಆಯುಷ್ಯಕ್ಕಿಂತ ಹೆಚ್ಚು ಕಾಲ ಬಾಳುವುದಿಲ್ಲ ಎಂಬುದು ಆಡಳಿತದಲ್ಲಿ ಕೆಲಕಾಲ ಇದ್ದವರಿಗೆ ಗೊತ್ತಿರುವ ಸಂಗತಿ. 1926ರಲ್ಲಿ ನೂತನ ಬಾಲಶಿಕ್ಷಣ ಸಂಘ ಸ್ಥಾಪನೆಯಾಯಿತು. ಅದರ ಸಂಘಟನೆಯ ಭಾರವನ್ನು ಹೊತ್ತವರಲ್ಲಿ ತಾರಾಬಾಯಿ ಪ್ರಮುಖರು. ಗುಜರಾತಿಯ ಶಿಕ್ಷಣ ಪತ್ರಿಕೆ ಅವರ ಶ್ರಮದಿಂದ ಮರಾಠಿಯಲ್ಲಿಯೂ ಹೊರಬಂದಿತು.

ಇಲ್ಲಿ ಮಾಂಟೆಸರಿ ಪದ್ಧತಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ತಾರಾಬಾಯಿಯವರ ಮುಂದಿನ ಹೆಜ್ಜೆಯ ಮಹತ್ವ ತಿಳಿಯುವುದಿಲ್ಲ. ಮರಿಯಾ ಮಾಂಟೆಸರಿಯವರ ಮೊದಲ ಮಕ್ಕಳ ಮನೆ ತೆರೆದದ್ದು 1907ರಲ್ಲಿ, ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ. ಅದಕ್ಕೆ ಹಣ ಹಾಕಿದ್ದು ಒಂದು ವಸತಿ ಕಂಪನಿ. ತಂದೆತಾಯಿ ಕೆಲಸಕ್ಕೆ ಹೋದಾಗ ಮನೆಯಲ್ಲುಳಿದ ಮಕ್ಕಳು ಹೊಸದಾಗಿ ದುರಸ್ತಿ ಮಾಡಿದ ಕಟ್ಟಡದ ಗೋಡೆ, ಮೆಟ್ಟಿಲುಗಳನ್ನು ಹಾಳು ಮಾಡುತ್ತಿದ್ದರು. ಮಕ್ಕಳನ್ನು ಒಂದೆಡೆ ನೋಡಿಕೊಳ್ಳುವ ವೆಚ್ಚ ದುರಸ್ತಿಯ ವೆಚ್ಚಕ್ಕಿಂತ ಕಡಿಮೆ ಎಂದು ಕಂಪನಿ ಲೆಕ್ಕ ಹಾಕಿತ್ತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಈ ಪ್ರಸಂಗ ಬಹಳ ಪ್ರಿಯವಾದದ್ದು. ಮಗುವಿನ ಪಾಲನೆಯ ಲಾಭ ಮಗುವಿಗೋ ತಾಯಿಗೋ ಮಾತ್ರ ಸೇರುವುದಿಲ್ಲ, ನೆರೆಹೊರೆಗೂ ಹರಡುತ್ತದೆ ಎಂಬುದನ್ನು ಪಠ್ಯಪುಸ್ತಕಗಳಿಗಿಂತ ಮೊದಲೇ ಒಬ್ಬ ಮನೆಮಾಲೀಕ ಕಂಡುಕೊಂಡಿದ್ದ. ಆದರೆ ಅವನ ಆಸಕ್ತಿ ಗೋಡೆಯ ಉದ್ದಕ್ಕೆ ಮಾತ್ರ ಇತ್ತು. ಬಡವರ ಮಕ್ಕಳ ನಡುವೆ ರೂಪುಗೊಂಡ ಪದ್ಧತಿ ಕೆಲವೇ ವರ್ಷಗಳಲ್ಲಿ ಯುರೋಪ್ ಮತ್ತು ಅಮೆರಿಕದ ಸಿರಿವಂತರ ಮನೆಗಳ ಸ್ವತ್ತಾಯಿತು. ತರಬೇತಿಯ ಅಧಿಕಾರವನ್ನೂ ಉಪಕರಣಗಳ ರೂಪವನ್ನೂ ಮಾಂಟೆಸರಿ ತಮ್ಮ ಕೈಯಲ್ಲೇ ಬಿಗಿಯಾಗಿ ಇಟ್ಟುಕೊಂಡರು. ನಯಗೊಳಿಸಿದ ಮರದ ಸಿಲಿಂಡರುಗಳು, ಗುಲಾಬಿ ಬಣ್ಣದ ಗೋಪುರ, ಮಣಿಗಳ ಸರಗಳು ಎಲ್ಲವೂ ಕರಾರುವಾಕ್ಕಾದ ಅಳತೆಯವು, ಬೆಲೆಬಾಳುವವು.

1936ರಲ್ಲಿ ತಾರಾಬಾಯಿ ಮುಂಬಯಿಗೆ ಮರಳಿ ದಾದರಿನಲ್ಲಿ ಶಿಶುವಿಹಾರವನ್ನು ಆರಂಭಿಸಿದರು. ಅದರ ಜೊತೆಗೆ ಶಿಕ್ಷಕಿಯರ ತರಬೇತಿಯೂ ನಡೆಯಿತು. ಶಿಶುವಿಹಾರ ಜನಪ್ರಿಯವಾಯಿತು. ದಾದರ್ ಆಗ ವಿದ್ಯಾವಂತ ಮಧ್ಯಮವರ್ಗದ ನೆಲೆ. ಮೂರು ವರ್ಷಗಳ ನಂತರ, 1939ರಲ್ಲಿ, ಸ್ವತಃ ಮಾಂಟೆಸರಿಯವರೇ ಮದರಾಸಿನ ಅಡ್ಯಾರಿಗೆ ಬಂದು ತರಬೇತಿ ಶಿಬಿರ ನಡೆಸಿದರು. ಯುದ್ಧದ ಕಾರಣ ವರ್ಷಗಟ್ಟಲೆ ಭಾರತದಲ್ಲೇ ಉಳಿಯಬೇಕಾಯಿತು. ಅವರಿಂದ ಕಲಿತವರು ದೇಶದ ದೊಡ್ಡ ನಗರಗಳಲ್ಲಿ ಶಾಲೆಗಳನ್ನು ತೆರೆದರು. ಶುಲ್ಕ ಕೊಡಬಲ್ಲವರ ಮಕ್ಕಳಿಗೆ ಅವು ಒಳ್ಳೆಯ ಶಾಲೆಗಳೇ ಆಗಿದ್ದವು. ತಾರಾಬಾಯಿಯವರೂ ಅದೇ ದಾರಿಯಲ್ಲಿ ಮುಂದುವರಿದಿದ್ದರೆ ನಾವು ಇಂದು ಅವರನ್ನು ಮುಂಬಯಿಯ ಒಂದು ಒಳ್ಳೆಯ ಶಿಶುವಿಹಾರದ ಸ್ಥಾಪಕಿ ಎಂದಷ್ಟೇ ಸ್ಮರಿಸುತ್ತಿದ್ದೆವು.

ಅವರನ್ನು ಬೇರೆಡೆಗೆ ತಿರುಗಿಸಿದ್ದರಲ್ಲಿ ಗಾಂಧೀಜಿಯವರ ಚಿಂತನೆಯ ಪಾಲು ಇದೆ. 1937ರಲ್ಲಿ ಆರಂಭವಾದ ನಯೀ ತಾಲೀಮ್ ಮೊದಲು ಏಳು ವರ್ಷ ಮೇಲ್ಪಟ್ಟ ಮಕ್ಕಳಿಗೆ ಸೀಮಿತವಾಗಿತ್ತು. 1945ರ ಸೇವಾಗ್ರಾಮದ ಸಮಾವೇಶದ ಹೊತ್ತಿಗೆ ಅದರ ಕಲ್ಪನೆ ಏಳಕ್ಕಿಂತ ಕಿರಿಯ ಮಕ್ಕಳವರೆಗೂ ಹಿಗ್ಗಿತು. ಪೂರ್ವ ಬುನಾದಿ ಶಿಕ್ಷಣ ಎಂಬ ಹೆಸರು ಬಂದಿತು. ಹಳ್ಳಿಯ ಮಗುವಿಗೆ ಏನು ಕೊಡಬೇಕು, ಯಾವ ಖರ್ಚಿನಲ್ಲಿ ಕೊಡಬೇಕು ಎಂಬ ಪ್ರಶ್ನೆ ಎದ್ದದ್ದು ಅಲ್ಲಿ. ಐವತ್ತೆರಡರ ಹತ್ತಿರದ ವಯಸ್ಸಿನಲ್ಲಿ, ಬಹುತೇಕರು ನಿವೃತ್ತಿಯ ಲೆಕ್ಕ ಹಾಕುವ ಹೊತ್ತಿನಲ್ಲಿ, ತಾರಾಬಾಯಿ ಮುಂಬಯಿಯನ್ನು ಬಿಟ್ಟು ಅಂದಿನ ಠಾಣೆ ಜಿಲ್ಲೆಯ ಸಮುದ್ರ ದಂಡೆಯ ಬೋರ್ಡಿ ಎಂಬ ಹಳ್ಳಿಗೆ ಬಂದರು. ಈಗ ಅದು ಪಾಲ್ಘರ್ ಜಿಲ್ಲೆಯಲ್ಲಿದೆ. 1945ರಲ್ಲಿ ಅಲ್ಲಿ ಗ್ರಾಮ ಬಾಲಶಿಕ್ಷಣ ಕೇಂದ್ರ ಆರಂಭವಾಯಿತು.

ಜೊತೆಗೆ ಬಂದವರು ಅನುತಾಯಿ ವಾಘ್. ಹದಿಮೂರರಲ್ಲಿ ಮದುವೆ, ಆರು ತಿಂಗಳು ಕಳೆಯುವುದರೊಳಗೆ ವೈಧವ್ಯ. ಆ ಮೇಲೆ ಹಟ ಹಿಡಿದು ಓದಿ ಶಿಕ್ಷಕಿಯಾಗಿದ್ದ ಹೆಣ್ಣುಮಗಳು. ತಾರಾಬಾಯಿಗಿಂತ ಹದಿನೆಂಟು ವರ್ಷ ಕಿರಿಯರು. ಈ ಇಬ್ಬರ ಸಹಯೋಗ ಮುಂದೆ ಕಾಲು ಶತಮಾನಕ್ಕೂ ಮೀರಿ ಬಾಳಿತು.

ಆ ಪ್ರದೇಶ ಆಗ ಶಾಂತವಾಗಿರಲಿಲ್ಲ. ಅದೇ 1945ರಲ್ಲಿ ಉಂಬರ್‌ಗಾಂವ್ ಮತ್ತು ಡಹಾಣೂ ತಾಲ್ಲೂಕುಗಳಲ್ಲಿ ವಾರಲಿ ಆದಿವಾಸಿಗಳು ಜೀತ ಮತ್ತು ಬಿಟ್ಟಿ ದುಡಿಮೆಯ ವಿರುದ್ಧ ಕಿಸಾನ್ ಸಭಾದ ಬಾವುಟದ ಕೆಳಗೆ ಎದ್ದು ನಿಂತಿದ್ದರು. ಗೋದಾವರಿ ಪರುಳೇಕರ್ ಅವರ ಹೆಸರು ಆ ಹೋರಾಟದೊಡನೆ ಬೆಸೆದುಕೊಂಡಿದೆ. ಭೂಮಾಲೀಕನ ಗದ್ದೆಯಲ್ಲಿ ಹಗಲೆಲ್ಲ ದುಡಿಯುವ ತಾಯಿಯ ಮಗುವಿಗೆ ಬಾಲವಾಡಿ ಎಂದರೇನು ಎಂದು ಯಾರು ತಿಳಿಸಬೇಕು? ಬೋರ್ಡಿಯ ಕೇಂದ್ರದಲ್ಲಿ ಗೊತ್ತಾದ ವೇಳೆಗೆ ಬಾಗಿಲು ತೆರೆದು ಕಾದರೆ ಅನುಕೂಲಸ್ಥರ ಮನೆಯ ಮಕ್ಕಳು ಬರುತ್ತಿದ್ದರು, ಹರಿಜನ ಹಾಗೂ ಆದಿವಾಸಿ ಕೇರಿಗಳ ಮಕ್ಕಳು ಬರುತ್ತಿರಲಿಲ್ಲ. ಬಂದ ಕೆಲವರು ನಿಲ್ಲುತ್ತಿರಲಿಲ್ಲ. ನಮ್ಮ ಇಲಾಖೆಗಳಲ್ಲಿ ಇಂಥ ಸಂದರ್ಭಕ್ಕೆ ಒಂದು ಸಿದ್ಧ ಷರಾ ಇದೆ: ಪೋಷಕರಲ್ಲಿ ಜಾಗೃತಿಯ ಕೊರತೆ. ತಾರಾಬಾಯಿ ಆ ಷರಾ ಬರೆಯಲಿಲ್ಲ. ಮಗು ಶಾಲೆಗೆ ಬಾರದಿದ್ದರೆ ಶಾಲೆಯೇ ಮಗುವಿನ ಬಳಿಗೆ ಹೋಗಬೇಕು ಎಂದು ತೀರ್ಮಾನಿಸಿದರು.

ಹೀಗೆ ಹುಟ್ಟಿದ್ದು ಅಂಗಣ ಬಾಲವಾಡಿ. ಕೇಂದ್ರ ಬಾಲವಾಡಿ ತನ್ನ ಸ್ಥಳದಲ್ಲಿ ತನ್ನ ವೇಳೆಗೆ ನಡೆಯುತ್ತಿತ್ತು. ಅಂಗಣ ಬಾಲವಾಡಿ ನಡೆಯುತ್ತಿದ್ದದ್ದು ಕೇರಿಯ ಯಾವುದಾದರೂ ಮನೆಯ ಅಂಗಳದಲ್ಲಿ, ಮರದ ನೆರಳಿನಲ್ಲಿ, ಮಕ್ಕಳಿಗೆ ಅನುಕೂಲವಾದ ಹೊತ್ತಿನಲ್ಲಿ. ಶಿಕ್ಷಕಿ ಸಾಮಾನುಗಳನ್ನು ಚೀಲದಲ್ಲಿ ತುಂಬಿಕೊಂಡು ಹೋಗುತ್ತಿದ್ದಳು. ಮೊದಲ ಕೆಲಸ ಅಂಗಳ ಗುಡಿಸುವುದು. ನಂತರ ಮಕ್ಕಳ ಮುಖ ತೊಳೆಸಿ, ಉಗುರು ಕತ್ತರಿಸಿ, ತಲೆ ಬಾಚುವುದು. ಅದಾದ ಮೇಲೆ ಹಾಡು, ಕಥೆ, ಆಟ, ಎಣಿಕೆ. ಕೆಲಸಕ್ಕೆ ಹೊರಟ ತಾಯಂದಿರು, ಜಗಲಿಯ ಮೇಲೆ ಕುಳಿತ ಮುದುಕರು ಎಲ್ಲರ ಕಣ್ಣೆದುರಿಗೇ ಇದು ನಡೆಯುತ್ತಿತ್ತು. ಶಾಲೆಯೊಳಗೆ ಏನಾಗುತ್ತದೆಂದು ಯಾರಿಗೂ ಬೇರೆಯಾಗಿ ವಿವರಿಸಬೇಕಾಗಿರಲಿಲ್ಲ. ಇಂದು ಸಾಮಾಜಿಕ ಲೆಕ್ಕಪರಿಶೋಧನೆ ಎಂದು ದೊಡ್ಡ ಹೆಸರಿನಿಂದ ಕರೆಯುವ ಸಂಗತಿ ಆ ಅಂಗಳದಲ್ಲಿ ಹೆಸರಿಲ್ಲದೆ ಇತ್ತು.

ಉಪಕರಣಗಳ ವಿಷಯದಲ್ಲಿ ಅವರು ಮಾಡಿದ್ದು ನನಗೆ ಇನ್ನೂ ದೊಡ್ಡ ಕೆಲಸವೆನಿಸುತ್ತದೆ. ಇಂದ್ರಿಯಗಳ ಶಿಕ್ಷಣ ಎಂಬ ಮಾಂಟೆಸರಿಯ ತಿರುಳನ್ನು ಉಳಿಸಿಕೊಂಡು, ಬೆಲೆಬಾಳುವ ಸಾಮಗ್ರಿಯನ್ನು ಬಿಟ್ಟರು. ಕಡಲ ದಂಡೆಯ ಚಿಪ್ಪುಗಳು, ಹೊಳೆಯ ಬೆಣಚುಕಲ್ಲುಗಳು, ಬೀಜಗಳು, ಎಲೆಗಳು, ಕಡ್ಡಿಗಳು, ಜೇಡಿಮಣ್ಣು ಇವೇ ಸಾಧನಗಳಾದವು. ಗಾತ್ರಕ್ಕೆ ತಕ್ಕಂತೆ ಜೋಡಿಸಲು, ಬಣ್ಣ ಬೇರ್ಪಡಿಸಲು, ಒರಟು ನುಣುಪು ಗುರುತಿಸಲು, ಎಣಿಸಲು ಇವುಗಳಿಗಿಂತ ಹೆಚ್ಚಿನದು ಬೇಕಿಲ್ಲ ಎಂಬುದನ್ನು ಮಾಡಿ ತೋರಿಸಿದರು. ಇದನ್ನು ಬಡತನಕ್ಕೆ ಹೊಂದಿಸಿದ ಅಗ್ಗದ ಆವೃತ್ತಿ ಎಂದು ತಿಳಿಯುವವರಿದ್ದಾರೆ. ಹಾಗೆ ತಿಳಿಯುವುದು ಸರಿಯಲ್ಲ. ತಾರಾಬಾಯಿ ಸಾಮಾನಿನ ಖರ್ಚನ್ನು ತಗ್ಗಿಸಿದರೇ ಹೊರತು ಶಿಕ್ಷಕಿಯ ತರಬೇತಿಯ ಖರ್ಚನ್ನು ತಗ್ಗಿಸಲಿಲ್ಲ. ಚಿಪ್ಪಿನಿಂದ ಗಣಿತ ಕಲಿಸಬೇಕಾದ ಶಿಕ್ಷಕಿಗೆ ಸಿಲಿಂಡರಿನಿಂದ ಕಲಿಸುವವಳಿಗಿಂತ ಹೆಚ್ಚು ತಿಳಿವಳಿಕೆ ಬೇಕು. ಸಿಲಿಂಡರು ತಪ್ಪನ್ನು ತಾನೇ ತೋರಿಸುತ್ತದೆ, ಚಿಪ್ಪು ತೋರಿಸುವುದಿಲ್ಲ. ನಮ್ಮ ಸರ್ಕಾರಗಳು ಮುಂದೆ ಈ ಲೆಕ್ಕವನ್ನು ತಲೆಕೆಳಗು ಮಾಡಿಕೊಂಡದ್ದನ್ನು ಮುಂದೆ ಹೇಳುತ್ತೇನೆ.

1957ರಲ್ಲಿ ಕೇಂದ್ರ ಬೋರ್ಡಿಯಿಂದ ಕೋಸಬಾಡದ ಗುಡ್ಡಕ್ಕೆ ಸ್ಥಳಾಂತರವಾಯಿತು. ಡಹಾಣೂ ತಾಲ್ಲೂಕಿನ ಈ ಗುಡ್ಡ ವಾರಲಿ ಬಸ್ತಿಗಳ ನಡುವೆ ಇದೆ. ಅಲ್ಲಿ ಹೊಸ ಸಮಸ್ಯೆಗಳು ಕಾಣಿಸಿಕೊಂಡವು. ಆರೇಳು ವರ್ಷದ ಹುಡುಗರು ದನ ಕಾಯಲು ಹೋಗುತ್ತಿದ್ದರು. ಹುಡುಗಿಯರು ತಮ್ಮ ತಂಗಿಯರನ್ನು ಎತ್ತಿಕೊಂಡು ಮನೆಯಲ್ಲಿ ಉಳಿಯುತ್ತಿದ್ದರು. ಮೊದಲನೆಯದಕ್ಕೆ ಉತ್ತರವಾಗಿ ಬಂದದ್ದು ಹುಲ್ಲುಗಾವಲ ಶಾಲೆ. ದನಗಳು ಮೇಯುವ ಕಡೆಗೇ ಶಿಕ್ಷಕಿ ಹೋಗಿ ಅಲ್ಲೇ ಪಾಠ ಮಾಡುವುದು. ಎರಡನೆಯದಕ್ಕೆ ಉತ್ತರ ಇನ್ನೂ ಸರಳವಾದದ್ದು. ಶಿಶುಪಾಲನಾ ಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಆವರಣದಲ್ಲಿ ಇಟ್ಟು ಅದನ್ನು ವಿಕಾಸವಾಡಿ ಎಂದು ಕರೆದರು. ಅಕ್ಕ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬಂದು ಶಿಶುಗೃಹದಲ್ಲಿ ಬಿಟ್ಟು ತನ್ನ ತರಗತಿಗೆ ಹೋಗಬಹುದಾಗಿತ್ತು. ಪಾಲನೆ ಒಂದು ಇಲಾಖೆಯದು, ಕಲಿಕೆ ಇನ್ನೊಂದು ಇಲಾಖೆಯದು ಎಂಬ ವಿಂಗಡಣೆ ಕೋಸಬಾಡದ ಗುಡ್ಡಕ್ಕೆ ತಲುಪಿರಲಿಲ್ಲ. ದೊಡ್ಡ ಹುಡುಗಿ ಶಾಲೆಗೆ ಬರಬೇಕಾದರೆ ಕೂಸಿಗೆ ತೊಟ್ಟಿಲು ಬೇಕು ಎಂಬಷ್ಟೇ ಅಲ್ಲಿನ ತತ್ತ್ವ. ಹೆಣ್ಣುಮಕ್ಕಳ ಶಾಲಾ ಹಾಜರಾತಿಯ ಬಗ್ಗೆ ನಾನು ಓದಿರುವ ವರದಿಗಳಲ್ಲಿ ಹಲವು, ಈ ಒಂದು ಆವರಣದ ಜಾಣ್ಮೆಗೆ ಸಮನಾಗಲಾರವು.

1962ರಲ್ಲಿ ಅವರಿಗೆ ಪದ್ಮಭೂಷಣ ಬಂದಿತು. ಅಷ್ಟರಲ್ಲಿ ವಯಸ್ಸು ಎಪ್ಪತ್ತು.

ಈಗ ಒಡೆತನದ ಪ್ರಶ್ನೆಗೆ ಬರೋಣ. ತಾರಾಬಾಯಿಯವರ ಸಂಸ್ಥೆ ಸರ್ಕಾರಿಯಾಗಿರಲಿಲ್ಲ; ಅದು ಒಂದು ಸಂಘ, ದಾನ ಮತ್ತು ಅನುದಾನದಿಂದ ನಡೆಯುತ್ತಿತ್ತು. ಬ್ರಿಟಿಷರ ಕೊನೆಯ ದಿನಗಳಲ್ಲಿ, 1944ರಲ್ಲಿ, ಸಾರ್ಜೆಂಟ್ ವರದಿ ಮೂರರಿಂದ ಆರು ವರ್ಷದ ಹತ್ತು ಲಕ್ಷ ಮಕ್ಕಳಿಗೆ ಉಚಿತ ಶಿಶುಶಾಲೆಗಳು ಬೇಕೆಂದು ಹೇಳಿತ್ತು. ಸ್ವಾತಂತ್ರ್ಯಾನಂತರ ದುರ್ಗಾಬಾಯಿ ದೇಶಮುಖ್ ಅವರ ನೇತೃತ್ವದಲ್ಲಿ 1953ರಲ್ಲಿ ರೂಪುಗೊಂಡ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಬಾಲವಾಡಿಗಳಿಗೆ ಅನುದಾನ ಕೊಡಲಾರಂಭಿಸಿತು. ಆದರೆ 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ, ಇತರ ವಿಷಯಗಳಲ್ಲಿ ಸಮಾನ ಶಾಲೆಯ ಪ್ರಬಲ ಪ್ರತಿಪಾದಕವಾಗಿದ್ದರೂ, ಶಾಲಾಪೂರ್ವ ಶಿಕ್ಷಣವನ್ನು ಮುಖ್ಯವಾಗಿ ಖಾಸಗಿ ಪ್ರಯತ್ನಕ್ಕೆ ಬಿಡಬಹುದು ಎಂಬ ನಿಲುವು ತಳೆಯಿತು. ಸರ್ಕಾರದ ಪಾತ್ರ ತರಬೇತಿ, ಸಂಶೋಧನೆ, ಮಾರ್ಗದರ್ಶನಕ್ಕೆ. ಸಂಪನ್ಮೂಲದ ಕೊರತೆ ಅಂದಿನ ವಾಸ್ತವ. ಆ ನಿಲುವಿನ ಕಾರಣ ನನಗೆ ಅರ್ಥವಾಗುತ್ತದೆ. ಆದರೂ ಅದರ ಫಲವನ್ನು ಬೆಂಗಳೂರಿನ ಪ್ರತಿ ಬಡಾವಣೆಯ ಗೇಟಿನ ಮೇಲೆ ಇಂದು ಓದಬಹುದು. ಮೂರು ವರ್ಷದ ಮಗುವಿನ ಶಿಕ್ಷಣದ ಬೆಲೆ ಆ ಗೇಟಿನ ಹಿಂದೆ ನಿರ್ಧಾರವಾಗುತ್ತದೆ.

ಶುಲ್ಕದ ಮೇಲೆ ನಿಂತ ವ್ಯವಸ್ಥೆ ಬಡ ಮಗುವನ್ನು ಏಕೆ ಹೊರಗಿಡುತ್ತದೆ ಎಂಬುದಕ್ಕೆ ದೊಡ್ಡ ಸಿದ್ಧಾಂತ ಬೇಡ. ಮಗುವಿನ ಮೊದಲ ಆರು ವರ್ಷಗಳ ಮೇಲೆ ಮಾಡಿದ ಖರ್ಚಿನ ಲಾಭ ಇಪ್ಪತ್ತು ಮೂವತ್ತು ವರ್ಷಗಳ ನಂತರ ಬರುತ್ತದೆ, ಅದರಲ್ಲಿ ಬಹುಪಾಲು ಸಮಾಜಕ್ಕೆ ಬರುತ್ತದೆ. ಇಂದು ಕೂಲಿ ತಂದರೆ ಇಂದು ಒಲೆ ಉರಿಯುವ ಮನೆ ಆ ಲಾಭಕ್ಕಾಗಿ ಸಾಲ ಮಾಡಲಾರದು. ಮಾಡಿದರೂ ಯಾವ ಬ್ಯಾಂಕೂ ಕೊಡದು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1962ರಲ್ಲಿ ಆರಂಭವಾದ ಪೆರಿ ಶಾಲಾಪೂರ್ವ ಪ್ರಯೋಗದ 123 ಮಕ್ಕಳನ್ನು ದಶಕಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳು, ಅವುಗಳ ಆಧಾರದ ಮೇಲೆ ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮಾಡಿದ ಲೆಕ್ಕಗಳು ಈ ಮಾತಿಗೆ ಅಂಕಿಅಂಶದ ಬಲ ಕೊಟ್ಟವು. ಆ ಪ್ರಯೋಗ ಆರಂಭವಾಗುವ ಹೊತ್ತಿಗೆ ಬೋರ್ಡಿಯ ಅಂಗಳಗಳಿಗೆ ಹದಿನೇಳು ವರ್ಷ ತುಂಬಿತ್ತು. ಬೋರ್ಡಿಯ ಮಕ್ಕಳನ್ನು ಹಾಗೆ ಹಿಂಬಾಲಿಸುವಷ್ಟು ಹಣ ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ. ಇದ್ದಿದ್ದರೆ ಹೆಕ್‌ಮನ್ನರ ಉದಾಹರಣೆಗಳು ಬೇರೆಯಾಗುತ್ತಿದ್ದವೋ ಏನೋ.

ಸರ್ಕಾರ ನೇರವಾಗಿ ಹೊಣೆ ಹೊತ್ತುಕೊಳ್ಳುವ ಕಾಲ ಬಂದದ್ದು ತಡವಾಗಿ. 1972ರಲ್ಲಿ ಮೀನಾ ಸ್ವಾಮಿನಾಥನ್ ಅವರ ಅಧ್ಯಕ್ಷತೆಯ ಅಧ್ಯಯನ ತಂಡ ಶಾಲಾಪೂರ್ವ ಮಗುವಿನ ಬಗ್ಗೆ ವರದಿ ಕೊಟ್ಟಿತು. ಆಹಾರ, ಆರೋಗ್ಯ, ಕಲಿಕೆ ಒಂದೆಡೆ ಸೇರಬೇಕು ಎಂಬುದು ಅದರ ಸಾರ. 1974ರಲ್ಲಿ ರಾಷ್ಟ್ರೀಯ ಮಕ್ಕಳ ನೀತಿ ಬಂದಿತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿ 100 ಅಂಗನವಾಡಿಗಳು ತೆರೆದವು. ತಾರಾಬಾಯಿ ಇದನ್ನು ಕಾಣಲಿಲ್ಲ. 1973ರಲ್ಲಿಯೇ ಅವರು ತೀರಿಕೊಂಡಿದ್ದರು.

ಸರ್ಕಾರ ಬೋರ್ಡಿಯಿಂದ ಏನನ್ನು ತೆಗೆದುಕೊಂಡಿತು, ಏನನ್ನು ಬಿಟ್ಟಿತು ಎಂಬುದನ್ನು ನೋಡಿದರೆ ಮುಂದಿನ ಐವತ್ತು ವರ್ಷಗಳ ಕಥೆ ಅರ್ಥವಾಗುತ್ತದೆ. ಅಂಗಳದ ಹೆಸರನ್ನು ತೆಗೆದುಕೊಂಡಿತು. ಕೇರಿಯ ಮಧ್ಯೆಯೇ ಕೇಂದ್ರ ಇರಬೇಕು, ಅದೇ ಊರಿನ ಹೆಣ್ಣುಮಗಳು ಅದನ್ನು ನಡೆಸಬೇಕು ಎಂಬ ವಿಚಾರವನ್ನು ತೆಗೆದುಕೊಂಡಿತು. ಒಂದು ಸಂಘ ತನ್ನ ಇಡೀ ಆಯುಷ್ಯದಲ್ಲಿ ತಲುಪಲಾಗದಷ್ಟು ಊರುಗಳಿಗೆ ಅದನ್ನು ಕೊಂಡೊಯ್ದಿತು. ಇದು ಸಣ್ಣ ಸಾಧನೆಯಲ್ಲ. ದತ್ತಿ ಸಂಸ್ಥೆಗಳ ಶಿಬಿರಗಳನ್ನು ಹೊಗಳುವವರು ಈ ಒಂದು ವಿಷಯವನ್ನು ಮರೆಯುತ್ತಾರೆ. ಊರಿಗೊಂದು ಕೇಂದ್ರ ಎಂಬ ಮಾತನ್ನು ನಿಜ ಮಾಡುವ ಶಕ್ತಿ ತೆರಿಗೆ ಎತ್ತುವ ಸರ್ಕಾರಕ್ಕಲ್ಲದೆ ಬೇರೆ ಯಾರಿಗೂ ಇಲ್ಲ. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2006ರ ಡಿಸೆಂಬರಿನಲ್ಲಿ 14 ಲಕ್ಷ ಕೇಂದ್ರಗಳನ್ನು ತೆರೆಯಬೇಕೆಂದು ಆದೇಶಿಸಿದಾಗ ಆ ಆದೇಶ ಯಾರ ಮೇಲೆ ಜಾರಿಯಾಯಿತೆಂಬುದನ್ನು ನೆನಪಿಸಿಕೊಂಡರೆ ಸಾಕು. ಕೋರ್ಟು ದಾನಿಗೆ ಆದೇಶ ಕೊಡಲಾರದು.

ಬಿಟ್ಟದ್ದು ಕಲಿಕೆಯನ್ನು. ಯೋಜನೆಯ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣ ಒಂದು. ಆದರೆ ತೂಕ ಮಾಡಬಹುದಾದದ್ದು ಆಹಾರ, ಎಣಿಸಬಹುದಾದದ್ದು ಚುಚ್ಚುಮದ್ದು. ನಾನು ಕಂಡ ತಪಾಸಣಾ ನಮೂನೆಗಳಲ್ಲಿ ದಾಸ್ತಾನು ಎಷ್ಟು, ಫಲಾನುಭವಿಗಳು ಎಷ್ಟು, ತೂಕ ಎಷ್ಟು ಎಂಬ ಕಲಮುಗಳಿಗೆ ಬರವಿರಲಿಲ್ಲ. ಮಗು ಇವತ್ತು ಒಂದು ಕಥೆ ಕೇಳಿತೇ ಎಂಬುದಕ್ಕೆ ಕಲಮು ಇರಲಿಲ್ಲ. ಸರ್ಕಾರದಲ್ಲಿ ಕಲಮು ಇಲ್ಲದ ಕೆಲಸ ನಿಧಾನವಾಗಿ ಕೆಲಸವೇ ಅಲ್ಲದಂತಾಗುತ್ತದೆ. ಕಾರ್ಯಕರ್ತೆಯ ದಿನ ರಿಜಿಸ್ಟರುಗಳಲ್ಲಿ, ನಂತರದ ವರ್ಷಗಳಲ್ಲಿ ಮೊಬೈಲ್ ಫೋನಿನ ಆ್ಯಪ್‌ನಲ್ಲಿ, ಅದರ ಮೇಲೆ ಸಮೀಕ್ಷೆ, ಚುನಾವಣೆ, ಗಣತಿಗಳಲ್ಲಿ ಕಳೆಯಿತು.

ಅದಕ್ಕಿಂತ ದೊಡ್ಡ ತಪ್ಪು ಆ ಕಾರ್ಯಕರ್ತೆಯ ಸ್ಥಾನಮಾನದಲ್ಲಿ ಆಯಿತು. ತಾರಾಬಾಯಿ ಸಾಮಾನಿನ ಖರ್ಚು ಉಳಿಸಿ ಶಿಕ್ಷಕಿಯ ಮೇಲೆ ಹಾಕಿದ್ದರು. ಸರ್ಕಾರ ಶಿಕ್ಷಕಿಯ ಖರ್ಚನ್ನೇ ಉಳಿಸಿತು. ಅವಳು ನೌಕರಳಲ್ಲ, ಗೌರವಧನ ಪಡೆಯುವ ಸೇವಾಕರ್ತೆ. ಕರ್ನಾಟಕ ರಾಜ್ಯವೇ ಮೇಲ್ಮನವಿದಾರನಾಗಿದ್ದ ಪ್ರಕರಣವೊಂದರಲ್ಲಿ 2006ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದು ತೀರ್ಪಿತ್ತಿತು. ಅದೇ ತಿಂಗಳು 14 ಲಕ್ಷ ಕೇಂದ್ರಗಳ ಆದೇಶವೂ ಬಂದಿತು ಎಂಬುದು ವಿಚಿತ್ರ. ಕೇಂದ್ರ ಹಕ್ಕಾಯಿತು, ಅದನ್ನು ನಡೆಸುವವಳು ಸ್ವಯಂಸೇವಕಿಯಾಗಿ ಉಳಿದಳು. 2018ರಲ್ಲಿ ಕೇಂದ್ರ ಸರ್ಕಾರ ಗೌರವಧನವನ್ನು 3,000 ರೂಪಾಯಿಗಳಿಂದ 4,500ಕ್ಕೆ ಏರಿಸಿತು. ರಾಜ್ಯಗಳು ತಮ್ಮ ಪಾಲನ್ನು ಸೇರಿಸುತ್ತವೆ. 2022ರ ಏಪ್ರಿಲ್‌ನಲ್ಲಿ, ಗುಜರಾತಿನ ಪ್ರಕರಣದಲ್ಲಿ, ಅದೇ ನ್ಯಾಯಾಲಯ ಅವರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದಿತು. ಗಿಜುಭಾಯಿ ಮತ್ತು ತಾರಾಬಾಯಿ ಬಾಲಶಿಕ್ಷಣದ ಕೇಂದ್ರವಾಗಿ ರೂಪಿಸಿದ್ದ ಗುಜರಾತಿನಿಂದಲೇ ಆ ಮೊಕದ್ದಮೆ ಬಂದದ್ದು ಕಾಕತಾಳೀಯವಿರಬಹುದು.

ಸಂವಿಧಾನವೂ ಈ ಮಗುವಿಗೆ ಒಂದು ಹೆಜ್ಜೆ ಹಿಂದೆ ಸರಿದಿದೆ. ಮೂಲ 45ನೆಯ ವಿಧಿ ಹದಿನಾಲ್ಕು ವರ್ಷ ತುಂಬುವವರೆಗಿನ ಎಲ್ಲ ಮಕ್ಕಳ ಶಿಕ್ಷಣದ ಮಾತಾಡುತ್ತಿತ್ತು. ಕೆಳಗಿನ ವಯೋಮಿತಿ ಇರಲಿಲ್ಲ. 2002ರ 86ನೆಯ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದವರಿಗೆ ಮೂಲಭೂತ ಹಕ್ಕನ್ನು ಕೊಟ್ಟು, ಆರಕ್ಕಿಂತ ಕಿರಿಯರನ್ನು ಸರ್ಕಾರ ಪ್ರಯತ್ನಿಸಬೇಕಾದ ಪಟ್ಟಿಗೆ ಸೇರಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾಪೂರ್ವ ಶಿಕ್ಷಣದ ಏರ್ಪಾಡನ್ನು ಸರ್ಕಾರ ಮಾಡಬಹುದು ಎಂದಿತೇ ಹೊರತು ಮಾಡತಕ್ಕದ್ದು ಎನ್ನಲಿಲ್ಲ. ಕಾನೂನಿನಲ್ಲಿ ಈ ಎರಡು ಕ್ರಿಯಾಪದಗಳ ನಡುವಿನ ಅಂತರ ಎಷ್ಟೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗೆ ಗೊತ್ತು. 2020ರ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ತಳಹದಿಯ ಹಂತ ಎಂದು ಗುರುತಿಸಿದ್ದು ಸ್ವಾಗತಾರ್ಹ. ಆದರೆ ನೀತಿ ಹಕ್ಕಲ್ಲ.

ಇತ್ತ ಕರ್ನಾಟಕದಲ್ಲಿ 2024ರ ಮಧ್ಯಭಾಗದಲ್ಲಿ ಒಂದು ಜಗಳ ನಡೆಯಿತು. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಶಿಕ್ಷಣ ಇಲಾಖೆ ಹೊರಟಿತು. ಮೂರರಿಂದ ಆರು ವರ್ಷದ ಮಕ್ಕಳು ಅತ್ತ ಹೋದರೆ ಅಂಗನವಾಡಿಯಲ್ಲಿ ಉಳಿಯುವುದು ಆಹಾರದ ಪೊಟ್ಟಣ ಮಾತ್ರ ಎಂದು ಕಾರ್ಯಕರ್ತೆಯರು ಬೀದಿಗಿಳಿದರು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಅಂಗನವಾಡಿಗಳಲ್ಲಿಯೇ ಪಾಠ ಆರಂಭಿಸುವುದಾಗಿ ಹೇಳಿ, ಕೆಲವು ಅಂಗನವಾಡಿಗಳನ್ನು ಸರ್ಕಾರಿ ಮಾಂಟೆಸರಿ ಎಂಬ ಹೆಸರಿನಲ್ಲಿ ಮೇಲ್ದರ್ಜೆಗೇರಿಸಿತು. ಇತಿಹಾಸ ಬಲ್ಲವರಿಗೆ ಈ ನಾಮಕರಣ ನಗು ತರಿಸದೆ ಇರದು. ಮಾಂಟೆಸರಿಯನ್ನು ಕರಗಿಸಿ ಅಂಗಣ ಬಾಲವಾಡಿ ಮಾಡಲು ತಾರಾಬಾಯಿ ತಮ್ಮ ಜೀವನದ ಉತ್ತರಾರ್ಧವನ್ನೇ ತೆತ್ತರು. ಆ ಅಂಗನವಾಡಿಗೆ ಮರ್ಯಾದೆ ಬರಲು ಎಂಬತ್ತು ವರ್ಷಗಳ ನಂತರ ಫಲಕದ ಮೇಲೆ ಮಾಂಟೆಸರಿಯ ಹೆಸರು ಬೇಕಾಯಿತು. ಆದರೂ ಇದನ್ನು ನಾನು ಅಲ್ಲಗಳೆಯುವುದಿಲ್ಲ. ಕೂಲಿ ಮಾಡುವ ತಂದೆತಾಯಿ ಸಾಲ ಮಾಡಿ ಮಗುವನ್ನು ಟೈ ಕಟ್ಟಿಸಿ ಪಕ್ಕದ ಕಾನ್ವೆಂಟಿಗೆ ಕಳಿಸುವುದು ಮೂರ್ಖತನದಿಂದಲ್ಲ. ಸರ್ಕಾರದ ಕೇಂದ್ರದಲ್ಲಿ ಕಲಿಸುವುದಿಲ್ಲ ಎಂಬುದನ್ನು ಅವರು ಸ್ವತಃ ನೋಡಿದ್ದಾರೆ. ಫಲಕ ಬದಲಾದಾಗ ಒಳಗೆ ತರಬೇತಿ ಪಡೆದ, ನಿಯತ ಸಂಬಳದ ಶಿಕ್ಷಕಿಯೊಬ್ಬಳು ಬಂದರೆ ಹೆಸರು ಯಾವುದಾದರೇನು? ಎರಡು ಇಲಾಖೆಗಳ ಹಗ್ಗಜಗ್ಗಾಟದಲ್ಲಿ ನನ್ನ ಒಲವು ಅಂಗನವಾಡಿಯ ಕಡೆಗೇ ಇದೆ. ಮಗುವಿನ ಮನೆಗೆ ಹತ್ತಿರವಿರುವುದು ಅದು, ಹಸಿವನ್ನೂ ಕಲಿಕೆಯನ್ನೂ ಒಂದೇ ಸೂರಿನಡಿ ನೋಡಬಲ್ಲದ್ದೂ ಅದು. ಶಾಲೆಯ ಕೋಣೆಗೆ ಮೂರು ವರ್ಷದ ಮಗುವನ್ನು ತಂದು ಕೂರಿಸಿದರೆ ಒಂದನೇ ತರಗತಿಯ ಪಾಠವನ್ನೇ ಎರಡು ವರ್ಷ ಮೊದಲು ಉರುಹೊಡೆಸುವ ಅಪಾಯವೂ ಇದೆ.

ಕೂಸಿನ ಪ್ರಶ್ನೆಯಂತೂ ಈಗ ತಾನೇ ಕಣ್ಣಿಗೆ ಬೀಳುತ್ತಿದೆ. 2022ರಲ್ಲಿ ಕೇಂದ್ರ ಸರ್ಕಾರ ಪಾಲನಾ ಯೋಜನೆಯಡಿ 17,000 ಅಂಗನವಾಡಿಗಳಿಗೆ ಶಿಶುಗೃಹಗಳನ್ನು ಜೋಡಿಸುವ ಗುರಿ ಇಟ್ಟುಕೊಂಡಿತು. 2023ರಲ್ಲಿ ಕರ್ನಾಟಕ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಘೋಷಿಸಿತು. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ಪಂಚಾಯಿತಿಯೇ ನಡೆಸುವ ಶಿಶುಗೃಹ ಇದು. ಪಂಚಾಯಿತಿಯ ಒಡೆತನ ಎಂಬುದು ನನಗೆ ಇಲ್ಲಿ ಮುಖ್ಯವಾಗಿ ಕಾಣುತ್ತದೆ. ದೂರದ ನಿರ್ದೇಶನಾಲಯಕ್ಕಿಂತ ಊರಿನ ಸದಸ್ಯೆಯನ್ನು ತಾಯಂದಿರು ಸುಲಭವಾಗಿ ತಡೆದು ಕೇಳಬಲ್ಲರು. ಆದರೆ ಕೂಸನ್ನು ನೋಡಿಕೊಳ್ಳುವವರಿಗೆ ಸಿಗುವುದು ಕೂಲಿಯ ದರ, ಅದೂ ಸರದಿಯ ಮೇಲೆ ಎಂದಾದರೆ, ವಿಕಾಸವಾಡಿಯ ಆವರಣವನ್ನು ನಾವು ಇನ್ನೂ ತಲುಪಿಲ್ಲ.

ತಾರಾಬಾಯಿಯವರ ನಂತರ ಕೋಸಬಾಡದ ಗುಡ್ಡವನ್ನು ಅನುತಾಯಿ ವಾಘ್ 1992ರಲ್ಲಿ ತಾವು ತೀರಿಕೊಳ್ಳುವವರೆಗೂ ನೋಡಿಕೊಂಡರು. ಅಲ್ಲಿಯ ಅಂಗಣ ಬಾಲವಾಡಿಯ ವೇಳಾಪಟ್ಟಿಯನ್ನು ಕೇರಿಯ ದಿನಚರಿ ನೋಡಿ ಬರೆಯುತ್ತಿದ್ದರು. ನಾಟಿಯ ಕಾಲದಲ್ಲಿ ಒಂದು, ಬೇಸಿಗೆಯಲ್ಲಿ ಇನ್ನೊಂದು. ನಮ್ಮ ಅಂಗನವಾಡಿಯ ವೇಳೆಯನ್ನು ಸುತ್ತೋಲೆ ಗೊತ್ತು ಮಾಡುತ್ತದೆ. ಪೀಣ್ಯದ ಗಾರ್ಮೆಂಟ್ ಕಾರ್ಖಾನೆಯ ಪಾಳಿ ಬಿಡುವ ಹೊತ್ತಿಗೆ ಅದರ ಬಾಗಿಲಿಗೆ ಬೀಗ ಬಿದ್ದು ಗಂಟೆಗಳೇ ಆಗಿರುತ್ತವೆ.